ಕೈ ಸುಮ್ಮನಿರದ ಬಾಡಿಗೆದಾರ

ಸಾಗರದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟರೆ ಒಂದು ಜೊತೆ ಚಪ್ಪಲಿಯಂತೂ ಸವೆಯುತ್ತದೆ. ನನ್ನ ಗೆಳೆಯ ಜಟ್ಟಪ್ಪ ಮೂರು ವರ್ಷದಲ್ಲಿ ಮೂರು ಮನೆ ಕಂಡಿದ್ದಾನೆ, ಚಪ್ಪಲಿಯ ಲೆಕ್ಕ ಅವನೂ ಇಟ್ಟಿಲ್ಲ. ಅವನ ಕಥೆ ಹೇಳಹೊರಟಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಈಗಲೂ ಬಂದಿದೆ. ಓದುವವರಲ್ಲಿ ಮನೆ ಬಾಡಿಗೆಗೆ ಕೊಟ್ಟವರಿದ್ದು ಅವರಿಗೆ ಬೇಸರವಾದರೆ ಆಗಲಿ.

ಜಟ್ಟಪ್ಪ ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಪಂಪು, ವಾಲ್ವು, ಮೋಟಾರು, ಇವೇ ಅವನ ಪ್ರಪಂಚ. ನಾನು, ಪೂರ್ಣೇಶ, ಅಲ್ಲೇ ಸ್ಟೋರಿನಲ್ಲಿ ಗುಮಾಸ್ತ. ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವನ ಹೆಂಡತಿ ದುಗ್ಗಮ್ಮ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ನಾನು ಅವನಿಗಿಂತ ಮೊದಲೇ ನಿವೃತ್ತನಾಗಿ ಸಾಗರಕ್ಕೆ ಬಂದೆ. ಹೆಂಡತಿಯ ಪಾಲಿಗೆ ಬಂದಿದ್ದ ಪುಟ್ಟ ಮನೆ ಇತ್ತು, ಸೇರಿಕೊಂಡೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇಟ್ಟೆ.

ಕ್ವಾರ್ಟರ್ಸಿನ ಜನರ ಸ್ವಭಾವ ಗೊತ್ತಿಲ್ಲದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಅಲ್ಲಿ ಬಾಡಿಗೆ ಸಂಬಳದಲ್ಲೇ ಮುರಿದು ಹೋಗುತ್ತಿತ್ತು, ಯಾರ ಕೈಗೂ ನೋಟು ಎಣಿಸಿ ಕೊಟ್ಟವರಲ್ಲ ನಾವು. ನಲ್ಲಿ ಕೆಟ್ಟರೆ ಆಫೀಸಿಗೆ ದೂರು ಬರೆದುಕೊಡಬೇಕು, ಸರದಿ ಪ್ರಕಾರ ಜನ ಬರುತ್ತಾರೆ. ಆದರೆ ಸರದಿ ಬರುವ ತನಕ ಕಾಯುವ ತಾಳ್ಮೆ ನಮ್ಮ ಸಾಲಿನಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರೂ ಒಂದಲ್ಲ ಒಂದು ಕೆಲಸ ಬಲ್ಲವರೇ. ಒಬ್ಬ ವೈರಿಂಗ್ ಮಾಡಿದರೆ ಇನ್ನೊಬ್ಬ ಗಾರೆ ಮೆತ್ತುತ್ತಿದ್ದ. ಹಿತ್ತಲಲ್ಲಿ ಬಸಳೆ ಚಪ್ಪರ, ಎರಡು ಬಾಳೆ, ನಿಂಬೆ ಗಿಡ. ಮನೆ ಸರಕಾರದ್ದು ಅಂತ ಕಾಗದದಲ್ಲಿತ್ತು, ಆದರೆ ವಾಸ ಮಾಡುವವನೇ ಅದನ್ನು ಚೆನ್ನಾಗಿಟ್ಟುಕೊಳ್ಳಬೇಕು ಅನ್ನುವುದು ನಮಗೆ ಯಾರೂ ಕಲಿಸದೆ ಬಂದ ಅಭ್ಯಾಸ. ಜಟ್ಟಪ್ಪ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ನೆಂಟರ ಮನೆಗೆ ಊಟಕ್ಕೆ ಹೋದರೂ ಸಡಿಲವಾದ ಬಾಗಿಲ ಚಿಲಕ ಬಿಗಿ ಮಾಡದೆ ಎಲೆಯ ಮುಂದೆ ಕೂರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಲೇಬೇಕಲ್ಲ. ಊರಿಗೆ ಹೋಗೋಣವೆಂದರೆ ಅವನಿಗೆ ಊರಿಲ್ಲ. ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಅಣೆಕಟ್ಟಿನ ಮುಳುಗಡೆಯಲ್ಲಿ ಹೋಯಿತು. ನಿವೃತ್ತಿಯಲ್ಲಿ ಬಂದ ಹಣದಲ್ಲಿ ದೊಡ್ಡ ಮಗಳ ಮದುವೆ ಆಯಿತು, ದುಗ್ಗಮ್ಮನ ಮಂಡಿ ಆಪರೇಷನ್ ಆಯಿತು. ಕೆಲಸ ಕಾಯಂ ಆದದ್ದು ತಡವಾಗಿ, ಹಾಗಾಗಿ ಪಿಂಚಣಿಯೂ ಸಣ್ಣದೇ. ಎರಡನೆಯ ಮಗಳು ಲಿಖಿತಾ ಅದೇ ವರ್ಷ ಸಾಗರದಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಹುಂಚದ ಆಚೆ ದುಗ್ಗಮ್ಮನ ತಮ್ಮ ದಿನೇಶನ ಮನೆಯಿದೆ, ಬಂದು ಇರಿ ಅಂದಿದ್ದ. ಆದರೆ ಅಲ್ಲಿಂದ ದಿನಾ ಸಾಗರದ ಕಾಲೇಜಿಗೆ ಬಂದು ಹೋಗುವ ಮಾತೇ ಇಲ್ಲ, ಹುಡುಗಿಯನ್ನು ಒಬ್ಬಳೇ ಪಿ.ಜಿ.ಯಲ್ಲಿ ಇಡುವ ಖರ್ಚೂ ಒಂದು ಮನೆ ಬಾಡಿಗೆಗೆ ಸಮ. "ಮೂರು ವರ್ಷ ಒಂದು ಸೂರಡಿ ಇದ್ರೆ ಸಾಕು ಮಾರಾಯ, ಇವಳ ಡಿಗ್ರಿ ಮುಗೀಲಿ. ಆಮೇಲೆ ಎಲ್ಲಾದ್ರೂ ಬಿದ್ಕೊಂಡಿರ್ತೀವಿ" ಅಂದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮನೆ ಹುಡುಕಲು ಜೊತೆಗೆ ಹೋದವನು ನಾನೇ. ಗಣಪತಿ ಕೆರೆಯ ಸುತ್ತಮುತ್ತ, ಜೋಗ ರಸ್ತೆಯ ಒಳ ಬೀದಿಗಳು, ಯಾವುದನ್ನೂ ಬಿಡಲಿಲ್ಲ. ಗೇಟಿಗೆ 'ಮನೆ ಬಾಡಿಗೆಗಿದೆ' ಅಂತ ಬೋರ್ಡು ಹಾಕಿದವರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನು ಹೆಣ್ಣು ನೋಡಲು ಬಂದವರೂ ಕೇಳುವುದಿಲ್ಲ. ಎಷ್ಟು ಜನ? ನೀರು ಹೆಚ್ಚು ಸುರೀತೀರಾ? ನೆಂಟರು ಬಂದು ಉಳೀತಾರಾ? ಕೊನೆಗೆ ರಾಗ ಎಳೆದು, "ನಿಮ್ಮದು ಎಂತ ಜನ?" ಜಾತಿಯನ್ನು ನೇರ ಕೇಳಲು ನಾಚಿಕೆಯಾದವರು ಮೀನಿನ ಕಡೆಯಿಂದ ಸುತ್ತಿ ಬರುತ್ತಿದ್ದರು.

"ಮೀನು ಗೀನು ಮಾಡ್ತೀರಾ?"

"ಸಿಕ್ಕಿದ್ರೆ ಮಾಡ್ತೀವಿ" ಅನ್ನುತ್ತಿದ್ದ ಜಟ್ಟಪ್ಪ.

ಬಾಗಿಲು ಹಾಕಿಕೊಳ್ಳುತ್ತಿತ್ತು. ಬೀದಿಗೆ ಬಂದು ನಾನು ತಲೆ ಚಚ್ಚಿಕೊಂಡೆ. "ಇಲ್ಲ ಅಂತ ಹೇಳಕ್ಕೆ ಎಂತ ಧಾಡಿ ನಿಂಗೆ?"

"ಮನೆ ಸೇರಕ್ಕಿಂತ ಮೊದ್ಲೇ ಸುಳ್ಳು ಎಂತಕ್ಕೆ ಮಾರಾಯ? ಆಮೇಲೆ ವಾಸನೆ ಬರಲ್ವಾ?"

ಅಂತೂ ಊರ ಅಂಚಿನಲ್ಲಿ ಮಂಜಯ್ಯನೆಂಬವರ ಹಳೇ ಹೆಂಚಿನ ಮನೆ ಸಿಕ್ಕಿತು. ಮಂಜಯ್ಯನವರು ತೀರ್ಥಹಳ್ಳಿ ಕಡೆಯ ಗೌಡರು. ಮಂಡಗದ್ದೆ ಹತ್ತಿರ ತೋಟ, ಸಾಗರದಲ್ಲಿ ಮೂರು ಮನೆ. ಮೀನಿನ ತಕರಾರು ಅವರಿಗಿರಲಿಲ್ಲ. ಬಾಡಿಗೆ ಏಳು ಸಾವಿರ, ಅಡ್ವಾನ್ಸ್ ಐವತ್ತು ಸಾವಿರ. ಆ ಮನೆಗೆ ಏಳು ಸಾವಿರ! ಹಜಾರದ ಮಾಡಿನಲ್ಲಿ ಆಕಾಶ ಕಾಣುತ್ತಿತ್ತು. ನಲ್ಲಿಗಳೆಲ್ಲ ಸೋರುತ್ತಿದ್ದವು. ಸ್ವಿಚ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಬಾವಿಯಲ್ಲಿ ಹೂಳು, ಪಂಪಿಗೆ ತುಕ್ಕು. ಒಂದು ಸುಖವೆಂದರೆ ಬಚ್ಚಲಲ್ಲಿ ಹಂಡೆ, ಒಲೆ ಇದ್ದವು. ನಮ್ಮ ಕಡೆಯವರಿಗೆ ಸೌದೆ ಒಲೆಯ ಮೇಲೆ ಕಾದ ನೀರನ್ನು ಮೈತುಂಬ ಹುಯ್ದುಕೊಳ್ಳದಿದ್ದರೆ ಸ್ನಾನ ಮಾಡಿದ ಹಾಗೇ ಆಗುವುದಿಲ್ಲ. ದುಗ್ಗಮ್ಮ ಬಚ್ಚಲು ನೋಡಿ ಇದೇ ಇರಲಿ ಅಂದಳು.

ಜಟ್ಟಪ್ಪ ಸಾಮಾನು ಬಿಚ್ಚುವ ಮೊದಲೇ ಪಾನಾ, ಸ್ಕ್ರೂಡ್ರೈವರಿನ ಚೀಲ ಬಿಚ್ಚಿದ. ಮಳೆ ಹಿಡಿಯುವುದರೊಳಗೆ ಒಡೆದ ಹೆಂಚು ತೆಗೆದು ಬೇರೆ ಹೊದಿಸಿದ. ವೈರು ಬದಲಾಯಿಸಿದ. ಆಳೊಬ್ಬನನ್ನು ಕರೆದು ಬಾವಿಯ ಹೂಳೆತ್ತಿಸಿದ. ಪಂಪು ಬಿಚ್ಚಿ ಜಗಲಿಯ ಮೇಲೆ ಹರಡಿಕೊಂಡು ವಾರಗಟ್ಟಲೆ ಕೂತ. ಅದು ಗುರ್ ಎಂದು ನೀರೆತ್ತಿದ ದಿನ ನನ್ನ ಅಂಗಡಿಗೆ ಬಂದು ಎರಡು ಟೀ ಹೇಳಿದ. ಹಿತ್ತಲಲ್ಲಿ ಬಸಳೆ ಬಂತು, ಬಾಳೆ ನಿಂತಿತು.

"ಯಾರ ಮನೆಗೆ ಮಾಡ್ತಿದ್ದಿ ಇದೆಲ್ಲ?" ಅಂತ ಕೇಳಿದೆ.

"ಇರೋರು ನಾವಲ್ದ?" ಅಂದ.

ಮಂಜಯ್ಯನವರು ಬಾಡಿಗೆಗೆ ಬಂದಾಗಲೆಲ್ಲ ಮನೆ ಸುತ್ತು ಹಾಕಿ, ಪಂಪು ಚಾಲೂ ಮಾಡಿಸಿ ನೋಡಿ, "ಮನೆ ಅಂದ್ರೆ ಹಿಂಗಿರ್ಬೇಕು ಮಾರಾಯ್ರೆ!" ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಒಮ್ಮೆ ಅವರ ಮಗಳು ರಕ್ಷಾ ಜೊತೆಗೆ ಬಂದು ಫೋನಿನಲ್ಲಿ ಮನೆಯ ಫೋಟೋ ತೆಗೆದಳು. ಬಸಳೆ ಚಪ್ಪರದ್ದೂ ತೆಗೆದಳು. ದುಗ್ಗಮ್ಮ ಖುಷಿಯಿಂದ ಚಪ್ಪರದ ಪಕ್ಕ ನಿಂತಳು, ಹುಡುಗಿ "ಆಂಟಿ, ಸ್ವಲ್ಪ ಸರೀರಿ" ಅಂದಳು. ಹನ್ನೊಂದು ತಿಂಗಳ ಕರಾರು ಮುಗಿದಾಗ ಫೋಟೋ ಯಾಕೆಂದು ತಿಳಿಯಿತು. ಅದನ್ನು ನೋಡಿ ಬ್ಯಾಂಕಿನವರೊಬ್ಬರು ಹತ್ತೂವರೆ ಸಾವಿರಕ್ಕೆ ಒಪ್ಪಿದ್ದಾರಂತೆ, ನೀವೂ ಅಷ್ಟು ಕೊಡುವುದಾದರೆ ಇರಿ, ನಮಗೇನೂ ನಿಮ್ಮ ಮೇಲೆ ದ್ವೇಷ ಇಲ್ಲ ಅಂದರು ಮಂಜಯ್ಯನವರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಗೌಡ್ರೆ, ಈ ಮನೆ ಹಿಂಗಾಗಿದ್ದು ಇವನಿಂದ ಅಲ್ವಾ? ಹೆಂಚು, ವೈರು, ಪಂಪು, ಎಲ್ಲಾ ಇವನ ದುಡ್ಡು."

"ನಾ ಹೇಳಿದ್ನಾ ಮಾಡಿ ಅಂತ?" ಅಂದರು ಮಂಜಯ್ಯನವರು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವವರ ಹಾಗೆ.

ಹೌದು, ಅವರು ಹೇಳಿರಲಿಲ್ಲ. ಆ ಮಾತಿಗೆ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಅದಕ್ಕೇ ಇಷ್ಟು ಉರಿಯುತ್ತದೋ ಏನೋ. ಅಡ್ವಾನ್ಸ್ ವಾಪಸು ಕೊಡುವಾಗ ಗೋಡೆಗೆ ಮೊಳೆ ಹೊಡೆದಿದ್ದೀರಿ ಅಂತ ಪೇಂಟಿನ ದುಡ್ಡು ಮುರಿದುಕೊಂಡರು.

ಎರಡನೆಯದು ಶೇಷಮ್ಮ ಎಂಬ ವಿಧವೆಯ ಮನೆಯ ಮಹಡಿ. ಕೆಳಗೆ ಅವರು, ಮೇಲೆ ಇವರು. ಬಾಡಿಗೆ ಎಂಟು ಸಾವಿರ. ಇಲ್ಲಿ ಸೌದೆ ಒಲೆ ಇಲ್ಲ, ಹೊಗೆಯಾಗಬಾರದು. ಸ್ನಾನದ ನೀರಿಗೆ ಗೀಸರ್, ಗೀಸರ್ ಹಾಕಿದರೆ ಬಿಲ್ಲು ನೋಡಿ ಎದೆ ಧಸಕ್ ಅನ್ನುತ್ತಿತ್ತು. ಗ್ಯಾಸಿನ ಮೇಲೆ ಪಾತ್ರೆ ಇಟ್ಟರೆ ಸಿಲಿಂಡರ್ ತಿಂಗಳು ತುಂಬುವ ಮೊದಲೇ ಖಾಲಿ. ಬಸಳೆಗೆ ದುಡ್ಡು, ನಿಂಬೆಹಣ್ಣಿಗೆ ದುಡ್ಡು, ಹಬ್ಬ ಬಂದರೆ ಬಾಳೆ ಎಲೆಗೂ ದುಡ್ಡು. ದುಗ್ಗಮ್ಮ ಸಂತೆಯಲ್ಲಿ ಮೊದಲ ಸಲ ಬಾಳೆ ಎಲೆಯ ರೇಟು ಕೇಳಿದವಳು ಕೊಳ್ಳದೆ ವಾಪಸು ಬಂದು, ಆ ಯುಗಾದಿಗೆ ಸ್ಟೀಲಿನ ತಟ್ಟೆಯಲ್ಲೇ ಬಡಿಸಿದಳು.

"ಈ ಸಲ ಕೈ ಕಟ್ಕೊಂಡು ಕೂರಿ. ಒಂದು ಮೊಳೆ ಮುಟ್ಟಿದ್ರೂ ನಾ ತಮ್ಮನ ಮನೆಗೆ ಹೋಗ್ತೀನಿ" ಅಂತ ಅವಳು ಗಂಡನಿಗೆ ತಾಕೀತು ಮಾಡಿದ್ದಳು. ಜಟ್ಟಪ್ಪ ಕೂತ. ಕೈಗೆ ಕೆಲಸವಿಲ್ಲದೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಕಾಲು ಅಲ್ಲಾಡುತ್ತಿದ್ದದ್ದನ್ನು ಸರಿಮಾಡಿದ, ಶಟರ್ ಸರಿಮಾಡಿದ, ಪಕ್ಕದ ಟೀ ಅಂಗಡಿಯವನ ಒಲೆಯ ಬರ್ನರನ್ನೂ ಬಿಡಲಿಲ್ಲ. ಅವನನ್ನು ನಾನೂ ಆ ಟೀ ಅಂಗಡಿಯಲ್ಲಿ ಎಲ್ಲರ ಎದುರು ಹೊಗಳಿದೆ, ಕಾರ್ಗಲ್ಲಿನಲ್ಲಿ ಇವನು ಮುಟ್ಟಿದ ಮೋಟಾರು ಮತ್ತೆ ಕೆಡುತ್ತಿರಲಿಲ್ಲ ಅಂತ.

ಆದರೆ ಶೇಷಮ್ಮನವರ ಮೆಟ್ಟಿಲಿನ ಕಂಬಿ ತಳದಲ್ಲಿ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ಒಂದು ದಿನ ಅವರು ಅದನ್ನು ಹಿಡಿದು ಮೇಲೆ ಬಂದವರು ಬೀಳುವುದರಲ್ಲಿದ್ದರು. ಮುದುಕಿ ಬೀಳುವುದನ್ನು ನೋಡಿಕೊಂಡು ಯಾರು ತಾನೇ ಕೈ ಕಟ್ಟಿ ಕೂರುತ್ತಾರೆ? ಕಂಬಿಗೆ ವೆಲ್ಡಿಂಗ್ ಆಯಿತು. ಆಮೇಲೆ ತೊಟ್ಟಿ ತುಂಬಿ ಹರಿಯುವುದು ನಿಂತಿತು, ತಾರಸಿಯ ಬಿರುಕು ಮುಚ್ಚಿತು, ಮಹಡಿಗೆ ಸುಣ್ಣವಾಯಿತು. ಶೇಷಮ್ಮನವರು ಒಳ್ಳೆಯ ಹೆಂಗಸು, ಅದನ್ನು ಹೇಳಲೇಬೇಕು. "ನಿಮ್ಮಂಥೋರು ಸಿಕ್ಕಿದ್ದು ನನ್ನ ಪುಣ್ಯ ತಮ್ಮಾ. ನಾ ಇರೋವರೆಗೆ ನಿಮ್ಮನ್ನ ಏಳಿಸಲ್ಲ" ಅಂದಿದ್ದರು. ಸಾಮಾನಿನ ದುಡ್ಡನ್ನೂ ಅರ್ಧ ಕೊಟ್ಟಿದ್ದರು.

ಅವರ ಅಳಿಯ ತೀರ್ಥೇಶ ಮಳೆಗಾಲದಲ್ಲಿ ಬಂದ. ಜೋಗ ನೋಡಲು ಜನ ಕಿಕ್ಕಿರಿದು ಬರುವ ಕಾಲ, ಸಾಗರದಲ್ಲಿ ಉಳಿಯಲು ಕೋಣೆ ಸಿಗದೆ ಕಾರುಗಳಲ್ಲೇ ಮಲಗುತ್ತಾರೆ. ತೀರ್ಥೇಶ ಮಹಡಿಯನ್ನೆಲ್ಲ ನೋಡಿದ, ಸುಣ್ಣದ ಗೋಡೆ ಸವರಿದ, ತಾರಸಿಗೆ ಹೋಗಿ ನಿಂತ. ತಿಂಗಳಿಗೆ ಬರುವ ಬಾಡಿಗೆಯನ್ನು ಹೋಂಸ್ಟೇ ಮಾಡಿದರೆ ನಾಲ್ಕು ದಿನದಲ್ಲಿ ತೆಗೆಯಬಹುದು ಅಂತ ಅತ್ತೆಗೆ ಲೆಕ್ಕ ಒಪ್ಪಿಸಿದ. ಶೇಷಮ್ಮನವರು ಮೇಲೆ ಬಂದು ದುಗ್ಗಮ್ಮನ ಕೈ ಹಿಡಿದು ಅತ್ತರು. "ನನ್ನ ಕೈಲಿ ಏನೂ ಇಲ್ಲ ತಂಗಿ, ಮನೆ ಮಗಳ ಹೆಸರಿಗಿದೆ" ಅಂದರು. ಲಿಖಿತಾಗೆ ಆಗ ಐದನೇ ಸೆಮಿಸ್ಟರ್ ಪರೀಕ್ಷೆ ಎದುರಿಗಿತ್ತು. ಸಾಮಾನಿನ ಗಾಡಿಯಲ್ಲಿ ಬೀರುವಿಗೆ ಒರಗಿಕೊಂಡು ಓದಿದ ಹುಡುಗಿ ಅವಳು. ಒಂದು ವಿಷಯದಲ್ಲಿ ನಪಾಸಾದಳು. ಅಲ್ಲಿಯವರೆಗೆ ಎಲ್ಲದರಲ್ಲೂ ಪ್ರಥಮ ದರ್ಜೆ.

ಜಟ್ಟಪ್ಪ ಆ ಫಲಿತಾಂಶದ ದಿನ ಅಂಗಡಿಗೆ ಬಂದಿದ್ದ. ನಾನೇ ನನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳಿದೆ. ಅವನು, "ನಾ ಆ ಕಂಬಿ ಮುಟ್ಟಬಾರ್ದಿತ್ತು" ಅಂದ.

"ಮುಟ್ಟದಿದ್ರೆ ಆ ಯಮ್ಮ ಬೀಳ್ತಿತ್ತು."

"ಬೀಳ್ಬೇಕಿತ್ತು" ಅಂದುಬಿಟ್ಟ. ಅಂದವನೇ ಗಾಬರಿಯಾಗಿ ನನ್ನ ಮುಖ ನೋಡಿದ. ಇರುವೆ ಕಂಡರೆ ಪಕ್ಕಕ್ಕೆ ಸರಿಯುವ ಮನುಷ್ಯನ ಬಾಯಲ್ಲಿ ಇಂಥ ಮಾತು ಬರಿಸಿದ್ದಕ್ಕೆ ನಾನು ತೀರ್ಥೇಶನನ್ನೂ ಮಂಜಯ್ಯನನ್ನೂ ಮನಸ್ಸಿನಲ್ಲೇ ಸರಿಯಾಗಿ ಬೈದೆ. ಬೈದರೆ ಯಾರ ಬಾಡಿಗೆ ಇಳಿಯುತ್ತದೆ!

ಮೂರನೆಯ ಮನೆ ಜೋಗ ರಸ್ತೆಯ ಹಿಂಬದಿ. ಬಾಲು ಎಂಬ ಹುಡುಗನದು, ಎಲೆಕ್ಷನ್ನು, ಸೈಟು ವ್ಯಾಪಾರ ಅಂತ ಬೈಕಿನಲ್ಲಿ ಸುತ್ತುವವನು. ಎರಡು ಕೋಣೆ, ಒಂದು ಅಡಿಗೆಮನೆ, ಎಂಟೂವರೆ ಸಾವಿರ. ಅದಕ್ಕಿಂತ ಕಡಿಮೆಗೆ ಊರಲ್ಲಿ ಏನೂ ಸಿಗಲಿಲ್ಲ. ಅದಕ್ಕಿಂತ ಹೆಚ್ಚಿಗೆ ಕೊಡಲು ಜಟ್ಟಪ್ಪನಿಂದ ಆಗುವುದಿಲ್ಲ. ಇನ್ನೊಮ್ಮೆ ಬಾಡಿಗೆ ಏರಿದರೆ ಹುಂಚದ ದಾರಿ ಹಿಡಿಯುವುದೇ, ಲಿಖಿತಾಳ ಓದು ಅಲ್ಲಿಗೇ ನಿಲ್ಲುತ್ತದೆ ಅಂತ ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡಿದ್ದರು. ಹುಡುಗಿಗೂ ಅದು ಗೊತ್ತಿತ್ತು.

ನಾನು ಆ ಮನೆಗೆ ಹೋದದ್ದು ಈಚೆಗೆ, ಒಂದು ಭಾನುವಾರ ಬೆಳಿಗ್ಗೆ. ಒಳಗೆ ಕಾಲಿಟ್ಟವನಿಗೆ ಇದು ಜಟ್ಟಪ್ಪನ ಮನೆ ಹೌದೋ ಅಲ್ಲವೋ ಅಂತ ಅನುಮಾನವಾಯಿತು. ಬಾಗಿಲು ಪೂರ್ತಿ ಹಾಕಲು ಬರುತ್ತಿರಲಿಲ್ಲ, ತಳಕ್ಕೆ ಗೋಣಿಚೀಲ ಒತ್ತಿದ್ದರು. ಟ್ಯೂಬ್‌ಲೈಟ್ ಪಟಪಟ ಅನ್ನುತ್ತಿತ್ತು. ಅಡಿಗೆಮನೆಯ ನಲ್ಲಿಯ ಕೆಳಗೆ ಬಕೆಟ್ ಇತ್ತು, ಅದು ತುಂಬಿ ಚೆಲ್ಲಿತ್ತು. ಲಿಖಿತಾ ಕಿಟಕಿಯ ಪಕ್ಕ ಮಣೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಬಿಟ್ಟುಹೋದ ವಿಷಯವನ್ನೂ ಸೇರಿಸಿ ಈ ಸಲ ಎಲ್ಲ ಮುಗಿಸಬೇಕು.

"ಎಂತ ಮಾರಾಯ ಇದು? ಒಂದು ವಾಷರ್ ಹಾಕಕ್ಕಾಗಲ್ವಾ ನಿಂಗೆ?" ಅಂದೆ.

ದುಗ್ಗಮ್ಮನೇ ಹೇಳಿದಳು. "ನಾನೇ ಹಾಕಿ ಅಂದೆ ಪೂರ್ಣೇಶಣ್ಣ. ಮೊದ್ಲು ಬೇಡ ಅಂದೋಳೂ ನಾನೇ, ಈಗ ಆ ಶಬ್ದ ಕೇಳಿ ಕೇಳಿ ತಲೆ ಕೆಡ್ತದೆ. ಇವ್ರು ಮುಟ್ಟಲ್ಲ. ಮನೆ ಹಿಂಗೇ ಇದ್ರೆ ಯಾರೂ ಕಣ್ಣು ಹಾಕಲ್ಲ ಅಂತಾರೆ." ಅವಳು ಕಾಫಿಗೆ ನೀರಿಡಲು ಹೋದಳು. ಜಟ್ಟಪ್ಪ ನಲ್ಲಿಯ ಕಡೆಗೆ ಬೆನ್ನು ಹಾಕಿ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ, ಚಳಿಯೇನೂ ಇರಲಿಲ್ಲ.

ಆಗ ಹೊರಗೆ ಬೈಕು ನಿಂತು ಬಾಲು ಬಂದ. ಹಿತ್ತಲ ಬೋರಿನ ಮೋಟಾರು ನಿಂತುಹೋಗಿದೆಯಂತೆ, ಮುಂದಿನ ಮನೆಯವರಿಗೂ ನೀರಿಲ್ಲ.

"ಜಟ್ಟಪ್ಪಣ್ಣ, ನೀವು ಕಾರ್ಗಲ್ ಪ್ರಾಜೆಕ್ಟಲ್ಲಿ ಇದ್ರಂತಲ್ಲ. ಭಾರಿ ಮೆಕ್ಯಾನಿಕ್ ಅಂತ ಬಸ್ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ಯಾರೋ ಹೇಳ್ತಿದ್ರು. ಒಂದ್ ಸಲ ನೋಡ್ತೀರಾ? ಹೊರಗಿನೋರ್ನ ಕರ್ಸಿದ್ರೆ ಸುಮ್ನೆ ಸುಲಿತಾರೆ."

ಲಿಖಿತಾ ಪುಸ್ತಕದಿಂದ ತಲೆ ಎತ್ತಿದಳು. ಜಟ್ಟಪ್ಪ ಬಾಲುವನ್ನು ನೋಡಲಿಲ್ಲ, ಬಾಗಿಲಾಚೆ ನೋಡಿದ. ಹಿತ್ತಲಿನಿಂದ ಮೋಟಾರಿನ ಗುಂಯ್ ಅನ್ನುವ ಶಬ್ದ ಬರುತ್ತಿತ್ತು, ತಿರುಗಲು ಆಗದೆ ಒದ್ದಾಡುವ ಶಬ್ದ. ಸ್ಟೋರಿನ ಗುಮಾಸ್ತನಾದ ನನಗೇ ಅದು ಕೆಪಾಸಿಟರ್ ಹೋದದ್ದು ಅಂತ ತಿಳಿಯುತ್ತಿತ್ತು.

"ಅದು ಯಾರೋ ಬೇರೆ ಜಟ್ಟಪ್ಪ ಇರ್ಬೇಕು" ಅಂದ ಅವನು. "ನಾ ಅಲ್ಲಿ ಗೇಟ್ ಕಾಯ್ತಿದ್ದೆ. ನಂಗೆ ಇವೆಲ್ಲ ಬರಲ್ಲ."

ಬಾಲು ನನ್ನ ಕಡೆ ತಿರುಗಿದ. ಸೈಟಿನ ಕಾಗದ ಜೆರಾಕ್ಸ್ ಮಾಡಿಸಲು ನನ್ನ ಅಂಗಡಿಗೆ ಬರುವವನು, ನನ್ನ ಗುರುತಿತ್ತು. "ಹೌದಾ ಸಾರ್? ನೀವೂ ಅಲ್ಲೇ ಇದ್ದೋರಲ್ವಾ?"

ಟೀ ಅಂಗಡಿಯಲ್ಲಿ ಹೊಗಳಿದವನು ನಾನೇ. ಅದೇ ಬಾಯಲ್ಲಿ "ಹೌದು, ಗೇಟಲ್ಲಿದ್ದ" ಅಂದೆ. ಆ ಎರಡು ಮಾತು ಆಡುವಾಗ ನನಗೆ ಆದ ಸಂಕಟ ನನ್ನ ಶತ್ರುವಿಗೂ ಬೇಡ. ಬಾಲು "ಛೆ" ಅಂದು ಫೋನ್ ಕಿವಿಗೆ ಹಚ್ಚಿಕೊಂಡು ಹೊರಟ.

ಅವನ ಬೈಕಿನ ಸದ್ದು ದೂರವಾಯಿತು. ಲಿಖಿತಾ, "ಅಪ್ಪಾ, ನಿಂಗೆ ಬರಲ್ಲ ಅಂತ ಎಂತಕ್ಕೆ ಹೇಳಿದ್ದು?" ಅಂದಳು.

"ನೀ ಓದ್ಕ" ಅಂದ ಜಟ್ಟಪ್ಪ.

ಅವಳು ಪುಸ್ತಕ ನೋಡಿದಳು, ಆದರೆ ಪುಟ ತಿರುಗಿಸಲಿಲ್ಲ. ದುಗ್ಗಮ್ಮ ಒಳಗಿಂದ ಎರಡು ಕೊಡ ತಂದಿಟ್ಟು, ಟ್ಯಾಂಕಿನಲ್ಲಿ ಉಳಿದದ್ದು ಸಾಲದು, ನೀರು ಬರುವ ತನಕ ಬೀದಿಯ ನಲ್ಲಿಯಿಂದ ಹೊರಬೇಕಲ್ಲ ಅಂದಳು. ಆಪರೇಷನ್ ಆದ ಮಂಡಿ ಅವಳದು. ಜಟ್ಟಪ್ಪ ಎದ್ದು ಎರಡೂ ಕೊಡ ತಾನೇ ತೆಗೆದುಕೊಂಡ. ನಾನೂ ಒಂದನ್ನು ಹಿಡಿಯಲು ಕೈ ಚಾಚಿದೆ, ಕೊಡಲಿಲ್ಲ. ಇಬ್ಬರೂ ಬೀದಿಗೆ ಇಳಿದೆವು. ಹಿತ್ತಲ ಬೇಲಿಯ ಪಕ್ಕ ಹಾಯುವಾಗ ಆ ಮೋಟಾರಿನ ಶಬ್ದ ಇನ್ನೂ ಕೇಳುತ್ತಿತ್ತು, ಬಾಲು ಸ್ವಿಚ್ಚನ್ನೂ ಆರಿಸದೆ ಹೋಗಿದ್ದ. ಹಾಗೇ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಜಟ್ಟಪ್ಪ ನಿಂತ. ಬೇಲಿಯ ಆಚೆ ಸ್ವಿಚ್ಚು ನಾಲ್ಕು ಮಾರು ದೂರ. ನಾನು ಅವನ ಮುಖ ನೋಡಲಾರದೆ ರಸ್ತೆ ನೋಡಿದೆ.

ಅವನು ಬೇಲಿ ದಾಟಲಿಲ್ಲ. ಕೊಡ ಹಿಡಿದುಕೊಂಡು ನಡೆಯುತ್ತಲೇ ಹೇಳಿದ.

"ಪೂರ್ಣೇಶ, ಆ ಟೀ ಅಂಗಡಿಯೋನಿಗೂ ಹೇಳಿಬಿಡು. ನಂಗೆ ಏನೂ ಬರಲ್ಲ ಅಂತ."